ದ್ವೀಪಕ್ಕೊಂದು ದಕ್ಕೆ

ಮಂಗಳೂರಿನಾಚೆ ಅರಬ್ಬೀ ಸಮುದ್ರದಲ್ಲಿ ಲಕ್ಷದ್ವೀಪವಿದೆ. ಅಲ್ಲಿನ ಅಮಿನಿ, ಕಡಮತ್ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡಕ್ಕೇ ಸೇರಿದ್ದವು. ದ್ವೀಪದವರಿಗೆ ಹಡಗೇ ಬಸ್ಸು.

ದ್ವೀಪದ ಸುತ್ತ ಹವಳದ ದಿಬ್ಬ ಇದೆ. ಪಡುವಣದಲ್ಲಿ ನೀರಿನ ಆಳ ಕಡಿಮೆ. ಹತ್ತಿರ ಬಂದರೆ ಹಡಗಿನ ತಳ ತಾಗುತ್ತದೆ. ಅದಕ್ಕೇ ಹಡಗು ದೂರದಲ್ಲೇ ನಿಲ್ಲುತ್ತದೆ. ಜನ ಸಣ್ಣ ದೋಣಿಗೆ ಇಳಿಯಬೇಕು. ಅಲೆಗೆ ದೋಣಿ ಏಳುತ್ತೆ, ಬೀಳುತ್ತೆ. ಬಸುರಿ ಹೆಂಗಸು ಹೇಗೆ ಇಳಿದಾಳು?

ಮೂಡಣದಲ್ಲಿ ದಡದ ಹತ್ತಿರವೇ ನೀರು ಆಳ. ಹಾಗಾಗಿ ಕವರತ್ತಿಯಂಥ ದ್ವೀಪಗಳಲ್ಲಿ ಆ ಕಡೆ ದಕ್ಕೆ ಕಟ್ಟಿದರು. ಸಮುದ್ರ ಶಾಂತವಿದ್ದರೆ ಹಡಗು ದಕ್ಕೆಗೇ ಬಂದು ನಿಲ್ಲುತ್ತದೆ. ಜನ ನಡೆದೇ ಇಳಿಯುತ್ತಾರೆ.

ದಕ್ಕೆ ಕಟ್ಟಿದರೆ ಸಾಕೇ? ಕಾಯುವವರಿಗೆ ನೆರಳು ಬೇಕು. ಕುಡಿಯೋ ನೀರು, ಹೆಂಗಸರಿಗೆ ಕಕ್ಕಸು ಬೇಕು. ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ಇವೆಲ್ಲ ಇವೆಯೇ? ಇಲ್ಲದಿದ್ದರೆ ನಾವೂ ಕೇಳೋಣ.