ಉತ್ತರ ಕನ್ನಡದ ಅಳಿವೆಗಳಲ್ಲಿ ದೋಣಿ ವಿಹಾರ: ಬಯಲುಸೀಮೆಯ ಪ್ರವಾಸಿಗರು ತಿಳಿದಿರಬೇಕಾದುದೇನು?

ಮಧುಗಿರಿ: ಡಿಸೆಂಬರ್, ಜನವರಿ ತಿಂಗಳು ಬಂತೆಂದರೆ ಮಧುಗಿರಿ, ಶಿರಾ, ಕೊರಟಗೆರೆ ಹಾಗೂ ಪಾವಗಡ ತಾಲ್ಲೂಕುಗಳಿಂದ ಪ್ರವಾಸದ ಬಸ್ಸುಗಳು ಕರಾವಳಿಯತ್ತ ಮುಖ ಮಾಡುತ್ತವೆ. ಗೋಕರ್ಣ, ಮುರ್ಡೇಶ್ವರಗಳ ದರ್ಶನದ ಜತೆಗೆ ಒಂದೆರಡು ಗಂಟೆಯ ದೋಣಿ ವಿಹಾರವನ್ನೂ ಸೇರಿಸಿಕೊಳ್ಳುವವರು ಅನೇಕರು. ಜಯಮಂಗಲಿ, ಸುವರ್ಣಮುಖಿ ನದಿಗಳು ವರ್ಷದ ಬಹುಕಾಲ ಬರಿಯ ಮರಳಾಗಿ ಕಾಣುವ ಈ ಭಾಗದ ಜನರಿಗೆ ಕೋಡಿ ಬಿದ್ದ ಕೆರೆಯೇ ದೊಡ್ಡ ನೀರು. ಆದರೆ ಕೆರೆಯದು ನಿಂತ ನೀರು. ನದಿ ಕಡಲನ್ನು ಸೇರುವ ಅಳಿವೆಯದು ದಿನಕ್ಕೆ ನಾಲ್ಕು ಬಾರಿ ದಿಕ್ಕು ಬದಲಿಸುವ ನೀರು. ಈ ವ್ಯತ್ಯಾಸವನ್ನು ಅರಿತು ದೋಣಿ ಹತ್ತಿದವರಿಗೆ ವಿಹಾರ ಸುಖಕರ. ಅರಿಯದವರಿಗೆ ಅದೇ ಅಪಾಯಕ್ಕೆ ಕಾರಣವಾಗಬಲ್ಲದು.

ಮುಳುಗಿದ ಕಣಿವೆಗಳು

ನಡುಗಡ್ಡೆಗಳ ನಡುವಿನ ನೌಕಾವಿಹಾರಕ್ಕೆ ಜಗತ್ತಿನಲ್ಲಿ ಹೆಸರಾದ ದೇಶ ನಾರ್ವೆ. ಅಲ್ಲಿ ಹಿಮನದಿಗಳು ಬೆಟ್ಟಗಳನ್ನು ಕೊರೆದು ಮಾಡಿದ ಆಳವಾದ ಕಣಿವೆಗಳಿಗೆ ಕಡಲು ನುಗ್ಗಿದೆ. ಇವುಗಳಿಗೆ ಫಿಯೋರ್ಡ್ ಎಂದು ಹೆಸರು. ಅತಿ ಉದ್ದದ ಸೋನೆಫಿಯೋರ್ಡ್ ಸುಮಾರು 200 ಕಿ.ಮೀ. ಒಳನಾಡಿಗೆ ಚಾಚಿದ್ದು, ಅದರ ಗರಿಷ್ಠ ಆಳ 1,300 ಮೀಟರ್‌ಗಳಷ್ಟಿದೆ.

ನಮ್ಮ ಕರಾವಳಿಯಲ್ಲಿ ಹಿಮನದಿಗಳ ಕೆಲಸವಿಲ್ಲ. ಆದರೆ ಕಡೆಯ ಹಿಮಯುಗ ಮುಗಿದು ಹಿಮ ಕರಗಿದಾಗ ಜಗತ್ತಿನ ಕಡಲಮಟ್ಟ ನೂರು ಮೀಟರಿಗೂ ಹೆಚ್ಚು ಏರಿತು. ತಗ್ಗಿನ ನದೀಕಣಿವೆಗಳಿಗೆ ಉಪ್ಪುನೀರು ಹೊಕ್ಕಿತು. ಕಡಲಂಚಿನ ಗುಡ್ಡಗಳ ನೆತ್ತಿಗಳು ನಡುಗಡ್ಡೆಗಳಾಗಿ ಉಳಿದವು. ಫಿಯೋರ್ಡಿನ ಆಳ ಇಲ್ಲಿಲ್ಲ. ಅಳಿವೆ ಆಳವಿಲ್ಲದ್ದು, ಮರಳುದಿಬ್ಬಗಳಿಂದ ತುಂಬಿದ್ದು. ಅದರ ಸೊಬಗಿಗೂ ಅಪಾಯಕ್ಕೂ ಈ ಮರಳೇ ಕಾರಣ.

ಕಾಳಿ, ಅಘನಾಶಿನಿ, ಶರಾವತಿ

ಉತ್ತರ ಕನ್ನಡ ಜಿಲ್ಲೆಯಲ್ಲಿ ಕಾಳಿ, ಗಂಗಾವಳಿ, ಅಘನಾಶಿನಿ ಮತ್ತು ಶರಾವತಿ ನದಿಗಳು ಕಡಲನ್ನು ಸೇರುತ್ತವೆ. ಕಾರವಾರದ ಬಳಿ ಕಾಳಿ ನದಿಯ ಒಂದು ದಡದಲ್ಲಿ ಸದಾಶಿವಗಡದ ಕೋಟೆಯ ಗುಡ್ಡವಿದೆ. ಮುಂದೆ ಕಡಲಿನಲ್ಲಿ ಕೂರ್ಮಗಡ ಮೊದಲಾದ ನಡುಗಡ್ಡೆಗಳಿವೆ. ಕವಿ ರವೀಂದ್ರನಾಥ ಟ್ಯಾಗೋರರು 1883ರಲ್ಲಿ, ಇಲ್ಲಿ ನ್ಯಾಯಾಧೀಶರಾಗಿದ್ದ ತಮ್ಮ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ತಂಗಿದ್ದರು. ಒಂದು ಸಂಜೆ ದೋಣಿಯಲ್ಲಿ ಕಾಳಿಯ ಮೇಲ್ಭಾಗಕ್ಕೆ ಹೋಗಿ, ಬೆಳದಿಂಗಳಿನಲ್ಲಿ ಹಿಂದಿರುಗಿದುದನ್ನು ತಮ್ಮ ಆತ್ಮಕಥನದಲ್ಲಿ ಸ್ಮರಿಸಿದ್ದಾರೆ. ಅವರ ಹೆಸರನ್ನು ಹೊತ್ತ ಕಡಲತೀರ ಇಂದಿಗೂ ಕಾರವಾರದಲ್ಲಿದೆ.

ಕುಮಟಾ ತಾಲ್ಲೂಕಿನ ಅಘನಾಶಿನಿಯ ಅಳಿವೆ 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಈ ನದಿಗೆ ಅಡ್ಡಲಾಗಿ ದೊಡ್ಡ ಅಣೆಕಟ್ಟೆ ಇಲ್ಲ. ಚಿಪ್ಪು ಹೆಕ್ಕುವವರು, ಕಾಂಡ್ಲಾ ಗಿಡಗಳು, ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳು ಇಲ್ಲಿನ ವಿಶೇಷ. ಹೊನ್ನಾವರದ ಶರಾವತಿಯಲ್ಲಿ ಕಾಂಡ್ಲಾ ವನದ ನಡುವೆ ದೋಣಿ ಸಾಗುತ್ತದೆ. ಜನವಸತಿಯಿರುವ ಮಾವಿನಕುರ್ವೆ ನಡುಗಡ್ಡೆಯೂ ಇದೇ ನದಿಯಲ್ಲಿದೆ.

ನಮ್ಮ ಭಾಗದ ಭಕ್ತರಲ್ಲಿ ಹಲವರಿಗೆ ಶರಾವತಿ ಪರಿಚಿತಳಾದುದು ಸಿಗಂದೂರಿನ ಲಾಂಚ್‌ನಿಂದ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದ ಬಳಿಕ ದೇವಿಯ ದರ್ಶನಕ್ಕೆ ಲಾಂಚ್‌ ಏರಬೇಕಾದ ಅನಿವಾರ್ಯ ಉಳಿದಿಲ್ಲ. ಲಿಂಗನಮಕ್ಕಿಯ ಆ ಹಿನ್ನೀರು ಅಣೆಕಟ್ಟೆ ನಿಲ್ಲಿಸಿದ ನೀರು. ಅಲ್ಲಿ ಉಬ್ಬರವಿಳಿತವಿಲ್ಲ. ಲಾಂಚಿನ ಅನುಭವವನ್ನು ನಂಬಿ ಅಳಿವೆಯನ್ನು ಅಳೆಯಲಾಗದು.

ಉಬ್ಬರವಿಳಿತದ ಲೆಕ್ಕ

ನಮ್ಮ ಕರಾವಳಿಯಲ್ಲಿ ಸುಮಾರು ಹನ್ನೆರಡೂವರೆ ಗಂಟೆಗೊಮ್ಮೆ ಕಡಲು ಉಬ್ಬುತ್ತದೆ, ನಡುವೆ ಇಳಿಯುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಈ ಏರಿಳಿತ ಅತಿ ಹೆಚ್ಚು. ಇಳಿತದ ಹೊತ್ತಿನಲ್ಲಿ ನದಿ ರಭಸದಿಂದ ಹೊರಕ್ಕೆ ಹರಿಯುತ್ತದೆ, ಎದುರಿನಿಂದ ಅಲೆ ಒಳಕ್ಕೆ ಬರುತ್ತದೆ. ಎರಡೂ ಸಂಧಿಸುವುದು ಅಳಿವೆಬಾಯಿಯ ಮರಳುದಿಬ್ಬದ ಮೇಲೆ. ಅಲ್ಲಿ ಅಲೆ ಎದ್ದು ಒಡೆಯುತ್ತದೆ. ಚಿಕ್ಕ ದೋಣಿ ಅಡ್ಡ ತಿರುಗಿದರೆ ಮಗುಚುತ್ತದೆ. ಆದುದರಿಂದ ಅಳಿವೆಯ ಒಳಗಿನ ವಿಹಾರ ಬೇರೆ, ಅಳಿವೆಬಾಯಿಯನ್ನು ದಾಟಿ ನಡುಗಡ್ಡೆಗೆ ಹೋಗುವುದು ಬೇರೆ. ಹಣ ಕೊಡುವ ಮುನ್ನವೇ ಯಾವುದು ಎಂಬುದನ್ನು ಕೇಳಿ ತಿಳಿಯಬೇಕು.

ಗಾಳಿಯ ಲೆಕ್ಕವೂ ಇದೆ. ಬೆಳಗಿನ ಹೊತ್ತು ನೀರು ಸಾಮಾನ್ಯವಾಗಿ ಶಾಂತ. ನೆಲ ಕಾದಂತೆಲ್ಲ ಮಧ್ಯಾಹ್ನದ ಹೊತ್ತಿಗೆ ಕಡಲಗಾಳಿ ಬಲಗೊಳ್ಳುತ್ತದೆ. ಮಕ್ಕಳನ್ನು ಕರೆದೊಯ್ಯುವವರಿಗೆ ಬೆಳಗಿನ ವಿಹಾರವೇ ಲೇಸು.

ಮರೆಯಬಾರದ ಎರಡು ದಿನಗಳು

2019ರ ಜನವರಿ 21, ಪುಷ್ಯ ಹುಣ್ಣಿಮೆ. ಕೂರ್ಮಗಡದ ನರಸಿಂಹ ದೇವರ ಜಾತ್ರೆ ಮುಗಿಸಿ ಕಾರವಾರಕ್ಕೆ ಹಿಂದಿರುಗುತ್ತಿದ್ದ ದೋಣಿಯೊಂದು ಅಲೆಗೆ ಸಿಕ್ಕಿ ಮಗುಚಿ 16 ಮಂದಿ ಮೃತಪಟ್ಟರು. ಹಾವೇರಿ ಜಿಲ್ಲೆಯಿಂದ ಬಂದಿದ್ದ ಒಂದೇ ಕುಟುಂಬದ ಹಲವರು ಅವರಲ್ಲಿದ್ದರು. ಮಿತಿಮೀರಿ ಜನರನ್ನು ಹತ್ತಿಸಿದ್ದುದು, ಜೀವರಕ್ಷಕ ಜಾಕೆಟ್‌ಗಳನ್ನು ತೊಡದಿದ್ದುದು ಆಗ ಬಲವಾಗಿ ಕೇಳಿಬಂದ ದೂರುಗಳು.

2024ರ ಡಿಸೆಂಬರ್ 10ರಂದು ಮುರ್ಡೇಶ್ವರದ ಕಡಲತೀರದಲ್ಲಿ, ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಅವರು ದೋಣಿಯಲ್ಲಿರಲಿಲ್ಲ, ನೀರಿಗಿಳಿದಿದ್ದರು. ಹಾವೇರಿಯಾಗಲಿ ಕೋಲಾರವಾಗಲಿ, ನಮ್ಮಂತೆಯೇ ಕಡಲಿಲ್ಲದ ಸೀಮೆಗಳು ಎಂಬುದನ್ನು ಪಾಲಕರೂ ಶಿಕ್ಷಕರೂ ಗಮನಿಸಬೇಕು.

ಹೊರಡುವ ಮುನ್ನ

ಶಿರಾದಿಂದ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹುಬ್ಬಳ್ಳಿ ತಲುಪಿ, ಯಲ್ಲಾಪುರ ಹಾದು ಅರಬೈಲು ಘಟ್ಟವಿಳಿದರೆ ಅಂಕೋಲಾ, ಮುಂದೆ ಕಾರವಾರ. ಹೊನ್ನಾವರಕ್ಕೆ ಶಿವಮೊಗ್ಗ, ಸಾಗರ, ಗೇರುಸೊಪ್ಪ ಮಾರ್ಗವಿದೆ. ನವೆಂಬರ್‌ನಿಂದ ಫೆಬ್ರುವರಿವರೆಗೆ ಪ್ರಶಸ್ತ ಕಾಲ. ಮಳೆಗಾಲದಲ್ಲಿ ಹೋಗದಿರುವುದೇ ಕ್ಷೇಮ. ಯಾಂತ್ರಿಕ ಮೀನುಗಾರಿಕೆಗೂ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುತ್ತದೆ. 2024ರ ಜುಲೈನಲ್ಲಿ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದುದು, ಆಗಸ್ಟ್ 7ರಂದು ಕಾಳಿ ನದಿಯ ಹಳೆಯ ಸೇತುವೆ ಕುಸಿದುದು ಮಳೆಗಾಲದಲ್ಲಿಯೇ.

ದೋಣಿ ಹತ್ತುವ ಮುನ್ನ ಅದು ಎಷ್ಟು ಜನರಿಗೆ ಪರವಾನಗಿ ಪಡೆದಿದೆ ಎಂದು ಕೇಳಿರಿ. ತಾಂಡೇಲರೂ ಸೇರಿದಂತೆ ಪ್ರತಿಯೊಬ್ಬರಿಗೂ ಜಾಕೆಟ್ ಇರಬೇಕು; ಮಕ್ಕಳಿಗೆ ಮಕ್ಕಳ ಅಳತೆಯದೇ ಬೇಕು. ಜಾಕೆಟನ್ನು ಕೈಯಲ್ಲಿ ಹಿಡಿದರೆ ಸಾಲದು, ಪಟ್ಟಿ ಬಿಗಿದು ತೊಡಬೇಕು. ಛಾಯಾಚಿತ್ರಕ್ಕಾಗಿ ಎಲ್ಲರೂ ಒಂದೇ ಬದಿಗೆ ಸರಿಯಬಾರದು. ತುರ್ತು ಸಂದರ್ಭದಲ್ಲಿ 112 ಅಥವಾ ಕರಾವಳಿ ಕಾವಲು ಪೊಲೀಸರ 1093 ಸಂಖ್ಯೆಗೆ ಕರೆ ಮಾಡಬಹುದು.

ಎಲ್ಲಕ್ಕಿಂತ ಮುಖ್ಯವಾದುದು, ತಾಂಡೇಲರು "ಇವತ್ತು ಬೇಡ" ಎಂದರೆ ಒತ್ತಾಯಿಸದೆ ಹಿಂದಿರುಗುವುದು. ಮುನ್ನೂರು ನಾನೂರು ಕಿ.ಮೀ. ಪ್ರಯಾಣ ಮಾಡಿ ಬಂದಿದ್ದೇವೆ ಎಂಬ ಕಾರಣಕ್ಕೆ ಕಡಲು ರಿಯಾಯಿತಿ ತೋರುವುದಿಲ್ಲ.