ಹಳೆಯ ಮೋಟಾರು ದೋಣಿಗೆ ಬಂದ ಆಲಸ್ಯ

ಮನೆಯ ಹಿರಿಯರೊಬ್ಬರು ಮೆಟ್ಟಿಲು ಹತ್ತುವಾಗ ಏದುಸಿರು ಬಿಟ್ಟರೆ, “ವಯಸ್ಸಾಯಿತಲ್ಲ!” ಎಂದು ನಾವೆಲ್ಲರೂ ಸುಮ್ಮನಾಗಿಬಿಡುತ್ತೇವೆ. ಬಲ್ಲ ವೈದ್ಯನು ಮಾತ್ರ ಹಾಗೆ ಸುಮ್ಮನಾಗಲಾರ. ಹೃದಯವೋ, ಶ್ವಾಸಕೋಶವೋ, ಅಥವಾ ಹೆಗಲ ಮೇಲಿನ ಹೊರೆಯೇ ಹೆಚ್ಚಾಯಿತೋ ಎಂದು ಅವನು ಒಂದೊಂದಾಗಿ ವಿಚಾರಿಸುತ್ತಾನೆ. ದೋಣಿಯ ವಿಷಯದಲ್ಲಿಯೂ ಇದೇ ನ್ಯಾಯವೆಂಬುದು ನನಗೆ ಗಂಗೊಳ್ಳಿಯ ಬಂದರಿನಲ್ಲಿ ತಿಳಿದುಬಂತು.

ನನ್ನ ಬಾಲ್ಯದ ಸಹಪಾಠಿಯೊಬ್ಬರಿಗೆ ಅಲ್ಲಿ ಒಂದು ಮರದ ಬೋಟು ಇದೆ. ನೀರಿನ ಮಟ್ಟದಲ್ಲಿ ಅಳೆದರೆ 36 ಅಡಿ ಉದ್ದ. ಹೊಟ್ಟೆಯೊಳಗೆ ಹಳೆಯದೊಂದು ಡೀಸೆಲ್ ಎಂಜಿನ್. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದನ್ನು ವಾಚಕರು ಬಲ್ಲರು. ಆ ಎರಡು ತಿಂಗಳೂ ಈ ಬೋಟು ಹೊಳೆಯಲ್ಲಿಯೇ ಕಟ್ಟಿಕೊಂಡು ನಿಂತಿತ್ತು. ಆಗಸ್ಟಿನಲ್ಲಿ ಅಳಿವೆ ದಾಟಿ ಹೊರಟಾಗ ಏಳೂವರೆ ನಾಟ್ ಓಡಬೇಕಾದದ್ದು ಐದನ್ನು ಮುಟ್ಟುವಷ್ಟರಲ್ಲಿಯೇ ಕರಿಯ ಹೊಗೆಯನ್ನು ಕಾರಿತು. ಉಳಿದವರು ಮೀನು ಇಳಿಸಿ ಹರಾಜು ಮುಗಿಸುವ ಹೊತ್ತಿಗೆ ನಮ್ಮವರು ಇನ್ನೂ ಅಳಿವೆಯ ಹೊರಗೆ! ತಡವಾಗಿ ಬಂದ ಮೀನಿಗೆ ಬೆಲೆಯೆಲ್ಲಿಯದು? ಡೀಸೆಲ್ಲಿನ ಖರ್ಚು ಮಾತ್ರ ದಿನದಿನಕ್ಕೆ ಏರುತ್ತಿತ್ತು.

ಬಂದರಿನಲ್ಲಿ ಉಪದೇಶಕ್ಕೆ ಬರವಿಲ್ಲ. “ಎಂಜಿನ್ ಸತ್ತಿದೆ, ಹೊಸದು ಹಾಕಿಸಿ” ಎಂದರು ಹಲವರು. ಹೊಸ ಎಂಜಿನ್ ಎಂದರೆ ಲಕ್ಷಗಳ ಮಾತು. ನಾನು ಅವರ ಮನೆಗೆ ಹೋದ ಸಂಜೆ, ಸಹಪಾಠಿಯ ಹೆಂಡತಿ ಕೊರಳ ಸರವನ್ನೂ ನಾಲ್ಕು ಬಳೆಗಳನ್ನೂ ಒಂದು ಕರವಸ್ತ್ರದಲ್ಲಿ ಕಟ್ಟಿ ದೇವರ ಮುಂದೆ ಇಟ್ಟಿದ್ದರು. ಮರುದಿನ ಅದು ಬ್ಯಾಂಕಿಗೆ ಹೋಗಬೇಕಾಗಿತ್ತು. “ಮಗಳ ಮದುವೆಗೆಂದು ಇಟ್ಟದ್ದು, ಅಣ್ಣ” ಎಂದಷ್ಟೇ ಅವರು ಹೇಳಿ ಒಳಗೆ ಹೋದರು.

“ಒಂದು ದಿನ ತಡೆಯಿರಿ, ಮಾರಾಯರೇ” ಎಂದವರು ಮಿಸ್ತ್ರಿಗಳು. ಎಪ್ಪತ್ತರ ಗಡಿ ದಾಟಿದ, ಮಿತಭಾಷಿಯಾದ ಮನುಷ್ಯ. ಮರುದಿನ ಬೆಳಿಗ್ಗೆ ಅವರು ಬಂದಾಗ ಕೈಯಲ್ಲಿ ಸ್ಪ್ಯಾನರ್ ಕೂಡ ಇರಲಿಲ್ಲ. ಎಂಜಿನ್ನನ್ನು ಬಿಚ್ಚುವುದು ಕೊನೆಯ ಕೆಲಸವೆಂಬುದು ಅವರ ಸಿದ್ಧಾಂತ.

ಮೊದಲು ಗೇರ್ ಹಾಕದೆ ಎಂಜಿನ್ನನ್ನು ಏರಿಸಿದರು. ಅದು ನಿಮಿಷಕ್ಕೆ ತನ್ನ ಪೂರ್ತಿ 1,800 ಸುತ್ತುಗಳನ್ನು ಸರಾಗವಾಗಿ ಮುಟ್ಟಿತು. ಬಳಿಕ ಹೊಳೆಯ ಆಳದ ಭಾಗಕ್ಕೆ ಹೋಗಿ ಗೇರ್ ಹಾಕಿ ಪೂರ್ತಿ ಏರಿಸಿದರೆ 1,300ಕ್ಕೆ ನಿಂತೇಬಿಟ್ಟಿತು. ಈ ಒಂದು ಪರೀಕ್ಷೆಯಿಂದಲೇ ಅರ್ಧ ರೋಗ ತಿಳಿಯುತ್ತದೆ. ಎಂಜಿನ್ ತನ್ನ ಪೂರ್ತಿ ಸುತ್ತುಗಳನ್ನು ಸುತ್ತುತ್ತಿದ್ದೂ ಬೋಟು ಮುಂದೆ ಹೋಗದಿದ್ದರೆ, ಗೇರ್‌ಬಾಕ್ಸಿನ ಕ್ಲಚ್ ಜಾರುತ್ತಿರಬೇಕು, ಇಲ್ಲವೇ ಫ್ಯಾನು ನೀರನ್ನು ಹಿಡಿಯದೆ ಬರಿದೇ ತಿರುಗುತ್ತಿರಬೇಕು. (ನೀರಿನೊಳಗೆ ತಿರುಗಿ ದೋಣಿಯನ್ನು ನೂಕುವ ಪ್ರೊಪೆಲ್ಲರಿಗೆ ನಮ್ಮ ಕರಾವಳಿಯಲ್ಲಿ ಫ್ಯಾನೆಂದೇ ಹೆಸರು.) ಎಂಜಿನ್ ಸುತ್ತಲಾರದೆ ಮಧ್ಯದಲ್ಲಿಯೇ ಕುಸಿದರೆ ಕಾರಣಗಳು ಎರಡು: ಅದಕ್ಕೆ ಹೊಟ್ಟೆಗೆ ಸಾಲದು, ಅಥವಾ ಹೊರೆ ಹೆಚ್ಚು.

ಇವೆರಡರಲ್ಲಿ ಯಾವುದೆಂಬುದನ್ನು ಹೊಗೆ ಹೇಳುತ್ತದೆ. ಡೀಸೆಲ್ ಫಿಲ್ಟರಿನಲ್ಲಿ ಕಸ ಕಟ್ಟಿಕೊಂಡಿದ್ದರೆ, ಅಥವಾ ಕೊಳವೆಯ ಸಡಿಲವಾದ ಜೋಡಣೆಯಿಂದ ಗಾಳಿ ನುಗ್ಗುತ್ತಿದ್ದರೆ, ಎಂಜಿನ್ ಸೊರಗುತ್ತದೆಯೇ ಹೊರತು ದಟ್ಟವಾದ ಕರಿಯ ಹೊಗೆಯನ್ನು ಬಿಡುವುದಿಲ್ಲ. ಸುಡಲು ಎಣ್ಣೆಯೇ ಇಲ್ಲದಲ್ಲಿ ಮಸಿ ಎಲ್ಲಿಂದ ಬರಬೇಕು? ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದು ತಿಳಿಯಬೇಕು. ಬೆಳ್ಳಗಿನ ಹೊಗೆಯಾದರೆ ಉರಿಯದೆ ಉಳಿದ ಡೀಸೆಲ್ಲೋ ನೀರಿನ ಆವಿಯೋ ಆಗಿರಬಹುದು. ಕರಿಯದು ಬಂತೆಂದರೆ ಎಣ್ಣೆ ಬೇಕಾದಷ್ಟಿದ್ದು ಗಾಳಿ ಸಾಲದಾಗಿದೆ, ಇಲ್ಲವೇ ಎಂಜಿನ್ ತನ್ನ ಶಕ್ತಿಗೆ ಮೀರಿದ ಹೊರೆಯನ್ನು ಎಳೆಯುತ್ತಿದೆ.

ಮಿಸ್ತ್ರಿಗಳು ಗಾಳಿಯ ಜಾಲರಿಯನ್ನು ತೆಗೆದು ನೋಡಿದರು: ಶುದ್ಧವಾಗಿತ್ತು. ಹೊಗೆಯ ಕೊಳವೆಯ ಬಾಗನ್ನು ಕಳಚಿದರು: ಮಸಿಯಿತ್ತಾದರೂ ದಾರಿ ಮುಚ್ಚಿರಲಿಲ್ಲ. ಆಮೇಲೆ ಎಂಜಿನ್ ನಿಲ್ಲಿಸಿ ಶಾಫ್ಟನ್ನು ಕೈಯಿಂದ ತಿರುಗಿಸಲು ಹೋದರು. ಅದು ಬಿಗಿಯಾಗಿತ್ತು. ಆಗ ಮಿಸ್ತ್ರಿಗಳ ಮುಖದಲ್ಲಿ ಮೊದಲ ಬಾರಿಗೆ ಒಂದು ನಗೆ ಸುಳಿಯಿತು. “ಕಾಯಿಲೆ ಬೋಟಿನ ಒಳಗಿಲ್ಲ, ಹೊರಗಿದೆ” ಎಂದರು.

ಮುಳುಗಬಲ್ಲ ಹುಡುಗನೊಬ್ಬನು ಕೆಳಗಿಳಿದು, ಒಂದು ಕೈಯಲ್ಲಿ ನೈಲಾನ್ ಹಗ್ಗದ ಸುರುಳಿಯನ್ನೂ ಇನ್ನೊಂದು ಕೈಯಲ್ಲಿ ಸುಣ್ಣದಂಥ ಬಿಳಿಯ ಚಿಪ್ಪುಗಳನ್ನೂ ಹಿಡಿದು ಮೇಲೆ ಬಂದನು. ಬೋಟನ್ನು ದಡಕ್ಕೆ ಎಳೆಸಿದಾಗ ಕಂಡ ದೃಶ್ಯವನ್ನು ನಾನು ಮರೆಯಲಾರೆ. ನೀರಿನಿಂದ ಮೇಲೆ ಹಸುರು, ಹಳದಿ, ಕೆಂಪು ಬಣ್ಣಗಳ ಶೃಂಗಾರ. ನೀರಿನ ಕೆಳಗೆ ತಳದ ತುಂಬ ಒರಟು ಚಿಪ್ಪುಗಳ ಹೊಲ! ಆ ವರ್ಷ ಹಣ ಸಾಲದೆ ಕಣ್ಣಿಗೆ ಕಾಣುವ ಭಾಗಕ್ಕೆ ಮಾತ್ರ ಬಣ್ಣ ಹೊಡೆಸಿದ್ದರಂತೆ. ತಳಕ್ಕೆ ಬಳಿಯುವ ವಿಷಬಣ್ಣ ಎಂದೋ ಸವೆದುಹೋಗಿತ್ತು. ಫ್ಯಾನಿನ ರೆಕ್ಕೆಗಳ ಮೇಲೆಯೂ ಅದೇ ಚಿಪ್ಪು.

ಇಷ್ಟು ಸಣ್ಣ ಒರಟುತನದಿಂದ ಇಷ್ಟೊಂದು ವೇಗ ಕಳೆದುಹೋಗುವುದೇ ಎಂದು ವಾಚಕರಿಗೆ ಸಂಶಯ ಬರಬಹುದು, ನನಗೂ ಬಂದಿತ್ತು. ಇಂಗ್ಲೆಂಡಿನಲ್ಲಿ ವಿಲಿಯಂ ಫ್ರೌಡ್ ಎಂಬ ಎಂಜಿನಿಯರು 1870ರ ದಶಕದಲ್ಲಿ ಟಾರ್ಕಿಯ ತನ್ನ ಮನೆಯ ಬಳಿ ಉದ್ದವಾದ ನೀರಿನ ತೊಟ್ಟಿಯೊಂದನ್ನು ಕಟ್ಟಿಸಿ, ಹಲಗೆಗಳನ್ನು ಅದರಲ್ಲಿ ಎಳೆದು ನೋಡಿದನು. ಒಂದಕ್ಕೆ ವಾರ್ನಿಷ್, ಒಂದಕ್ಕೆ ಮರಳು, ಮತ್ತೊಂದಕ್ಕೆ ಕ್ಯಾಲಿಕೋ ಬಟ್ಟೆ. ನಮ್ಮ ನೆರೆಯ ಕಲ್ಲಿಕೋಟೆಯಿಂದಲೇ ಹೆಸರು ಪಡೆದ ಆ ತೆಳುವಾದ ಹತ್ತಿಬಟ್ಟೆಯನ್ನು ಅಂಟಿಸಿದ ಮಾತ್ರಕ್ಕೆ ನೀರಿನ ತಡೆ ವಾರ್ನಿಷ್ ಹಲಗೆಯದಕ್ಕಿಂತ ಸುಮಾರು ಇಮ್ಮಡಿಯಾಯಿತು! ಬಟ್ಟೆಯ ನೇಯ್ಗೆಯೇ ಹೀಗೆ ಮಾಡಿದರೆ ಬೆರಳುಗುರಿನಷ್ಟು ಎತ್ತರದ ಚಿಪ್ಪುಗಳ ಮಾತೇನು?

ತಳವನ್ನು ಕೆರೆದು ಬಣ್ಣ ಬಳಿದು ಇಳಿಸಿದಾಗ ಎಂಜಿನ್ 1,600 ಸುತ್ತಿಗೆ ಏರಿತು. ನಾವೆಲ್ಲರೂ ಹಿಗ್ಗಿದೆವು, ಮಿಸ್ತ್ರಿಗಳು ಹಿಗ್ಗಲಿಲ್ಲ. “ಈ ಫ್ಯಾನು ಯಾವಾಗ ಹಾಕಿದ್ದು?” ಎಂದು ಕೇಳಿದರು. ಹಿಂದಿನ ವರ್ಷ ಯಾರದೋ ಮಾತು ಕೇಳಿ, ವೇಗ ಹೆಚ್ಚಲೆಂದು, ಹೆಚ್ಚು ಪಿಚ್ಚಿನ ಫ್ಯಾನನ್ನು ಹಾಕಿಸಿದ್ದರೆಂಬುದು ಆಗ ಹೊರಬಿತ್ತು. ಪಿಚ್ ಎಂದರೆ, ಜಾರದೆ ತಿರುಗಿದ್ದಾದರೆ ಫ್ಯಾನು ಒಂದು ಸುತ್ತಿಗೆ ಮುಂದೆ ಹೋಗುವ ದೂರ. ತಿರುಪುಮೊಳೆ ಮರದೊಳಗೆ ಹೋದಂತೆ. ಹಳೆಯದರ ಪಿಚ್ 24 ಅಂಗುಲ, ಹೊಸದರದು 27.

ಲೆಕ್ಕ ಸುಲಭ. 1,800 ಸುತ್ತಿನ ಎಂಜಿನ್ನಿಗೆ ಮೂರಕ್ಕೆ ಒಂದರ ಗೇರ್ ಇದ್ದರೆ ಫ್ಯಾನು 600 ಸುತ್ತು ತಿರುಗುತ್ತದೆ. ಸುತ್ತಿಗೆ ಎರಡು ಅಡಿಯಂತೆ ನಿಮಿಷಕ್ಕೆ 1,200 ಅಡಿ. ಎಂದರೆ ಸುಮಾರು 11.8 ನಾಟ್. ನೀರು ಮರದಂತೆ ಗಟ್ಟಿಯಲ್ಲವಾದ್ದರಿಂದ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಜಾರಿಹೋಗಿ ಏಳೂವರೆ ಉಳಿಯುತ್ತದೆ. ಪಿಚ್ ಹೆಚ್ಚಿಸಿದರೆ ಕಾಗದದ ಮೇಲೆ ವೇಗ ಹೆಚ್ಚೀತು. ಆದರೆ ಎಂಜಿನ್ ಆ ಸುತ್ತನ್ನು ಮುಟ್ಟಬೇಕಲ್ಲ? ಎತ್ತರದ ದಿಣ್ಣೆಯನ್ನು ನಾಲ್ಕನೆಯ ಗೇರಿನಲ್ಲಿ ಏರಹೊರಟ ಲಾರಿಯಂತಾಗುತ್ತದೆ. ಅಲ್ಲದೆ ಈ ಬಗೆಯ ಬೋಟಿಗೆ ಪ್ರಕೃತಿಯೇ ಒಂದು ಎಲ್ಲೆಯನ್ನು ಹಾಕಿದೆ. ನೀರಿನ ಮಟ್ಟದ ಉದ್ದವನ್ನು ಅಡಿಗಳಲ್ಲಿ ಹಿಡಿದು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಬರುವಷ್ಟು ನಾಟ್. 36 ಅಡಿಗೆ ಎಂಟು. ಅದರಾಚೆಗೆ ಬೋಟು ತಾನೇ ಎಬ್ಬಿಸಿದ ಅಲೆಯ ಬೆನ್ನನ್ನು ಹತ್ತಬೇಕಾಗುತ್ತದೆ, ಆಗ ಎಷ್ಟು ಡೀಸೆಲ್ ಸುರಿದರೂ ವ್ಯರ್ಥ.

ಫ್ಯಾನಿನಿಂದ ಮೋಸ ಹೋದವರಲ್ಲಿ ಮಹನೀಯರೂ ಇದ್ದಾರೆ. ಚಾರ್ಲ್ಸ್ ಪಾರ್ಸನ್ಸ್ 1894ರಲ್ಲಿ ನೀರಿಗಿಳಿಸಿದ ‘ಟರ್ಬೈನಿಯಾ’ ಎಂಬ ಹಡಗು, ಬೇಕಾದಷ್ಟು ಶಕ್ತಿಯಿದ್ದೂ, ಮೊದಲ ಪರೀಕ್ಷೆಗಳಲ್ಲಿ 20 ನಾಟ್‌ನ ಆಸುಪಾಸಿನಲ್ಲಿಯೇ ಉಳಿಯಿತು. ಅತಿ ವೇಗದಿಂದ ತಿರುಗಿದ ಒಂಟಿ ಫ್ಯಾನು ನೀರಿನಲ್ಲಿ ಗುಳ್ಳೆಗಳ ಟೊಳ್ಳನ್ನು ಮಾಡಿಕೊಂಡು ಅದರೊಳಗೇ ಸುತ್ತುತ್ತಿತ್ತು. ಮೂರು ಟರ್ಬೈನು, ಮೂರು ಶಾಫ್ಟು, ಒಂಬತ್ತು ಫ್ಯಾನುಗಳನ್ನು ಅಳವಡಿಸಿದ ಬಳಿಕ ಅದು 34 ನಾಟ್ ಮೀರಿತು.

ನಮ್ಮ ಬೋಟಿನ ಹಳೆಯ ಫ್ಯಾನು ಅದೃಷ್ಟವಶಾತ್ ಮನೆಯ ಕೊಟ್ಟಿಗೆಯಲ್ಲಿಯೇ ಇತ್ತು. ಒಂದು ರೆಕ್ಕೆಯ ತುದಿ ತುಸು ಬಾಗಿತ್ತು. ಅದನ್ನು ತಿದ್ದಿಸಿ ಹಾಕಿದರು. ಜೊತೆಗೆ ಶಾಫ್ಟಿನ ಹೊರಗಿನ ಬೇರಿಂಗ್ ಹಗ್ಗದ ಬಿಸಿಗೆ ಸವೆದಿದ್ದರಿಂದ ಅದನ್ನೂ ಬದಲಾಯಿಸಿದರು. ಡೀಸೆಲ್ ಫಿಲ್ಟರನ್ನು ಹೇಗೂ ಹೊಸದು ಮಾಡಿದರು, ಟ್ಯಾಂಕಿನ ತಳದ ನೀರನ್ನು ಹೊರಬಿಟ್ಟರು. ಪೆಟ್ರೋಲ್ ಎಂಜಿನ್ನಿನ ದೋಣಿಯಾಗಿದ್ದರೆ ಸ್ಪಾರ್ಕ್ ಪ್ಲಗ್ಗು, ಕಾರ್ಬ್ಯುರೇಟರುಗಳ ಪಾಡನ್ನೂ ನೋಡಬೇಕಾಗುತ್ತಿತ್ತು. ಅಂಥ ದೋಣಿಗಳಲ್ಲಿ ಗಾಳಿಗಿಂತ ಭಾರವಾದ ಪೆಟ್ರೋಲಿನ ಆವಿ ತಳದಲ್ಲಿ ಸೇರಿಕೊಂಡಿರುತ್ತದೆ. ಗಾಳಿಯಾಡಿಸದೆ ಸ್ಟಾರ್ಟ್ ಮಾಡುವುದು ಸಾವನ್ನು ಕರೆದಂತೆ.

ಪರೀಕ್ಷೆಯ ಓಟಕ್ಕೆ ನನ್ನನ್ನೂ ಕೂಡಿಸಿಕೊಂಡರು. ಹರಿವಿನ ಪ್ರಭಾವ ಲೆಕ್ಕಕ್ಕೆ ಬಾರದಿರಲೆಂದು ಒಂದೇ ದಾರಿಯಲ್ಲಿ ಹೋಗುತ್ತ ಒಮ್ಮೆ, ಬರುತ್ತ ಒಮ್ಮೆ ಮೊಬೈಲಿನಲ್ಲಿ ವೇಗವನ್ನು ನೋಡಿ ಸರಾಸರಿ ತೆಗೆದೆವು: 1,760 ಸುತ್ತು, ಏಳು ನಾಟ್. ಹೊಗೆ ನೆಪಕ್ಕೆ ಮಾತ್ರ.

“ಇನ್ನು ಅರ್ಧ ನಾಟ್ ಎಲ್ಲಿ ಹೋಯಿತು, ಮಿಸ್ತ್ರಿಗಳೇ?” ಎಂದು ನನ್ನ ಸಹಪಾಠಿ ಕೇಳಿದರು.

“ಮಂಜುಗಡ್ಡೆಯ ಕೋಣೆಯ ಗೋಡೆಯಲ್ಲಿದೆ” ಎಂದರು ಅವರು. ತಂಪು ಕಾಯಲೆಂದು ಹಲಗೆಗಳ ನಡುವೆ ತುಂಬಿದ ಸರಕು ವರ್ಷಗಳಿಂದ ನೀರು ಕುಡಿದು ಭಾರವಾಗಿದೆ. ಅದನ್ನು ಕಿತ್ತು ಹಾಕಲು ಮುಂದಿನ ನಿಷೇಧದ ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಬೋಟು ಆ ನೀರನ್ನು ಹೊತ್ತುಕೊಂಡೇ ಓಡಬೇಕು.

ದಕ್ಕೆಗೆ ಮರಳಿದ ಮೇಲೆ ಮಿಸ್ತ್ರಿಗಳು ಸೀಮೆಸುಣ್ಣ ಕೇಳಿ ಪಡೆದು, ಚುಕ್ಕಾಣಿಯ ಪಕ್ಕದ ಹಲಗೆಯ ಮೇಲೆ ದಿನಾಂಕವನ್ನೂ, “ಫ್ಯಾನು 24, ಸುತ್ತು 1,760, ವೇಗ 7” ಎಂದೂ ಬರೆದರು. “ಪ್ರತಿ ತಿಂಗಳೂ ಇದೇ ದಾರಿಯಲ್ಲಿ ಓಡಿಸಿ ಕೆಳಗೆ ಬರೆಯುತ್ತ ಹೋಗಿ. ಸುತ್ತು ಇಳಿಯತೊಡಗಿದ ದಿನ ನನ್ನನ್ನು ಕರೆಯಿರಿ” ಎಂದು ಹೇಳಿ, ಕೈ ತೊಳೆಯಲು ನೀರು ಕೇಳಿದರು. ಕರವಸ್ತ್ರದ ಗಂಟು ಆ ಸಂಜೆಯೇ ಕಪಾಟಿಗೆ ಮರಳಿತು.