ಕಲ್ಲಿನಡಿಯ ಹುಳು ಹೇಳುವ ನೀರಿನ ಲೆಕ್ಕ

ಪಲ್ಪಿಂಗ್ ಕಾಲ ಮುಗಿದು ಹಳ್ಳದ ನೀರು ಮತ್ತೆ ತಿಳಿಯಾಗಿ ಹರಿಯತೊಡಗಿದರೆ ಬೆಳೆಗಾರರಾದ ನಾವು ಸಮಾಧಾನಪಟ್ಟುಕೊಳ್ಳುತ್ತೇವೆ. ಆದರೆ ತಿಳಿಯಾಗಿರುವುದೆಲ್ಲ ಒಳ್ಳೆಯ ನೀರಲ್ಲ. ಹುಳಿಯಾದ ನೀರೂ ಕಣ್ಣಿಗೆ ತಿಳಿಯಾಗಿಯೇ ಕಾಣಬಹುದು. ಶೀಷೆಯಲ್ಲಿ ಹಿಡಿದು ಪರೀಕ್ಷೆಗೆ ಕಳಿಸಿದ ನೀರು ಆ ದಿನದ ಸ್ಥಿತಿಯನ್ನು ಮಾತ್ರ ಹೇಳುತ್ತದೆ. ಕಳೆದ ಕೆಲವು ತಿಂಗಳ ಕಥೆ ತಿಳಿಯಬೇಕಾದರೆ ಹಳ್ಳದ ತಳದ ಕಲ್ಲನ್ನೆತ್ತಿ, ಅಲ್ಲಿ ವಾಸವಾಗಿರುವ ಹುಳುಗಳನ್ನು ನೋಡಬೇಕು.

ಇದು ಹೊಸ ಮಾತಲ್ಲ. ದೂರದ ಕಾರ್ಖಾನೆಗಳ ಹೊಗೆ ಹುಳಿಮಳೆಯಾಗಿ ಸುರಿದು ನಾರ್ವೆ ದೇಶದ ಬೆಟ್ಟದ ಸರೋವರಗಳಲ್ಲಿ ಮೀನುಗಳು ನಾಶವಾದಾಗ, 1980ರ ದಶಕದಲ್ಲಿ ಅಲ್ಲಿನ ವಿಜ್ಞಾನಿಗಳು ನೀರಿನ ಹುಳಿಯನ್ನು ತಳದ ಚಿಕ್ಕ ಜೀವಿಗಳ ಮೂಲಕ ಅಳೆಯುವ ಕ್ರಮವನ್ನು ರೂಪಿಸಿದರು. ಹುಳಿಯ ಅಳತೆಗೆ ಪಿಎಚ್ ಎಂದು ಹೆಸರು. 7 ಎಂದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಅದಕ್ಕಿಂತ ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು ಏರಿದಂತೆ. ಪಿಎಚ್ 6ಕ್ಕಿಂತ ಕೆಳಗಿಳಿದ ಸರೋವರಗಳಲ್ಲಿ ಸೀಗಡಿಯನ್ನು ಹೋಲುವ ಒಂದು ಚಿಕ್ಕ ಜೀವಿ ಉಳಿಯಲಿಲ್ಲ. ಚಿಪ್ಪಿಗೆ ಸುಣ್ಣ ಬೇಕಾದ ಬಸವನಹುಳುಗಳೂ ಅಪರೂಪವಾದವು. ನಮ್ಮ ದೇಶದಲ್ಲಿಯೂ ಬೆಂಗಳೂರಿನ ಏಟ್ರೀ ಸಂಸ್ಥೆ 2007ರಲ್ಲಿ ನೀರುಹುಳುಗಳಿಂದ ನೀರಿನ ಗುಣ ಅರಿಯುವ ಕೈಪಿಡಿಯೊಂದನ್ನು ಪ್ರಕಟಿಸಿದೆ.

ನಮ್ಮ ಕಡೆ ಭಯ ಹುಳಿಮಳೆಯದಲ್ಲ, ಪಲ್ಪರ್ ನೀರಿನದು. ಹಣ್ಣಿನ ಲೋಳೆಯಲ್ಲಿರುವ ಸಕ್ಕರೆ ಹುದುಗಿದಾಗ ನೀರಿನ ಪಿಎಚ್ ಸುಮಾರು 4ಕ್ಕೆ ಇಳಿಯುತ್ತದೆ. ಅಷ್ಟೇ ಅಲ್ಲ, ಈ ನೀರು ಹಳ್ಳಕ್ಕೆ ಸೇರಿ ಕೊಳೆಯುವಾಗ ಅಲ್ಲಿನ ಆಮ್ಲಜನಕವನ್ನೂ ನುಂಗಿಬಿಡುತ್ತದೆ. ಮಳೆ ನಿಂತು ಹಳ್ಳಗಳು ಬಡವಾಗುವ ಕಾಲದಲ್ಲಿಯೇ ಪಲ್ಪಿಂಗ್ ನಡೆಯುವುದರಿಂದ ಪೆಟ್ಟು ಇನ್ನೂ ಹೆಚ್ಚು. ಹಣ್ಣನ್ನು ಹಾಗೆಯೇ ಕಣದಲ್ಲಿ ಒಣಗಿಸಿ ಚೆರಿ ಮಾಡುವವರಿಗೆ ಈ ತೊಂದರೆಯಿಲ್ಲ. ಪಾರ್ಚ್‌ಮೆಂಟ್ ಮಾಡುವವರು ಎಚ್ಚರವಹಿಸಬೇಕು. ಅಡಿಕೆ ಬೇಯಿಸುವವರೂ ಉಳಿದ ಚೊಗರನ್ನು ಹಳ್ಳಕ್ಕೆ ಚೆಲ್ಲಬಾರದು.

ಕೊಡಗಿನಲ್ಲಿ ಹುಟ್ಟಿದ ಲಕ್ಷ್ಮಣತೀರ್ಥ ಹುಣಸೂರನ್ನು ಹಾದು ಕೃಷ್ಣರಾಜಸಾಗರ ಸೇರುತ್ತದೆ. ಕಾವೇರಿ ಪಿರಿಯಾಪಟ್ಟಣ, ಕೆ.ಆರ್. ನಗರ ತಾಲ್ಲೂಕುಗಳಲ್ಲಿ ಹರಿಯುತ್ತದೆ. ವಯನಾಡಿನ ನೀರು ಕಬಿನಿಯಾಗಿ ಎಚ್.ಡಿ. ಕೋಟೆಗೆ ಬರುತ್ತದೆ. ಮೇಲಿನ ತೋಟದವರು ಬಿಟ್ಟದ್ದು ನಮಗೆ, ನಾವು ಬಿಟ್ಟದ್ದು ಕೆಳಗಿನವರಿಗೆ. ಮೇಲಿನವರನ್ನು ಕೇಳುವ ಮೊದಲು ನಮ್ಮ ಹಳ್ಳದ ಲೆಕ್ಕ ನಮ್ಮ ಕೈಯಲ್ಲಿರಬೇಕಲ್ಲವೇ?

ಪರೀಕ್ಷೆಯ ಕ್ರಮ ಸುಲಭ. ಪಲ್ಪರ್ ನೀರು ಹಳ್ಳ ಸೇರಬಹುದಾದ ಜಾಗದಿಂದ ಮೇಲೊಂದು, ಕೆಳಗೊಂದು ಸ್ಥಳವನ್ನು ಆರಿಸಿಕೊಳ್ಳಿ. ಎರಡು ಕಡೆಯೂ ಕಲ್ಲು, ಹರಿವು, ನೆರಳು ಒಂದೇ ತೆರನಾಗಿರಲಿ. ಒಂದೇ ದಿನ ಎರಡೂ ಕಡೆ ಹತ್ತು ಹತ್ತು ಕಲ್ಲುಗಳನ್ನೆತ್ತಿ, ಕೆಳಗೆ ಸೊಳ್ಳೆಪರದೆಯ ಬಟ್ಟೆ ಹಿಡಿದು ಉಜ್ಜಿರಿ. ಸಿಕ್ಕಿದ್ದನ್ನು ಬಿಳಿ ತಟ್ಟೆಯ ನೀರಿಗೆ ಹಾಕಿ, ಎಷ್ಟು ಬಗೆ ಇವೆಯೆಂದು ಎಣಿಸಿ, ಮತ್ತೆ ಹಳ್ಳಕ್ಕೇ ಬಿಡಿ.

ಹೊಟ್ಟೆಯ ಪಕ್ಕದಲ್ಲಿ ಕಿವಿರುಗಳು ಆಡುತ್ತ, ಸಾಮಾನ್ಯವಾಗಿ ಮೂರು ಎಳೆಬಾಲವಿರುವ ಮರಿ ಮೇಫ್ಲೈ ಎಂಬ ಕೀಟದ್ದು. ಎರಡೇ ಬಾಲವಿದ್ದು ಹೊಟ್ಟೆಯ ಪಕ್ಕದಲ್ಲಿ ಕಿವಿರಿಲ್ಲದ್ದು ಸ್ಟೋನ್‌ಫ್ಲೈ ಮರಿ. ಮರಳು, ಎಲೆಚೂರು ಅಂಟಿಸಿ ಗೂಡು ಕಟ್ಟಿಕೊಳ್ಳುವುದು ಕ್ಯಾಡಿಸ್ ಹುಳು. ಇವು ಬಗೆಬಗೆಯಾಗಿ ಸಿಕ್ಕಿದರೆ ಹಳ್ಳ ಆರೋಗ್ಯವಾಗಿದೆ. ಮೇಲೆ ಇವೆಲ್ಲ ಇದ್ದು, ಕೆಳಗೆ ಕೆಂಪು ದಾರದಂಥ ಹುಳುಗಳೇ ಮುತ್ತಿಕೊಂಡಿದ್ದರೆ ನೀರಿನಲ್ಲಿ ಆಮ್ಲಜನಕ ಕುಂದಿದೆಯೆಂದೇ ತಿಳಿಯಬೇಕು. ಆದರೆ ಹುಳುಗಳು ಕಾರಣವನ್ನು ಬಾಯಿಬಿಟ್ಟು ಹೇಳಲಾರವು. ಕೀಟನಾಶಕ ಬಿದ್ದರೂ ಅವು ಸಾಯುತ್ತವೆ. ಹೊಳೆ ಉಕ್ಕಿದರೂ ಕೊಚ್ಚಿಹೋಗುತ್ತವೆ. ಆದುದರಿಂದ ಪಲ್ಪಿಂಗ್‌ಗೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ನೋಡಿ, ಲೆಕ್ಕದ ಪುಸ್ತಕದಲ್ಲಿ ಬರೆದಿಡುವುದು ಅಗತ್ಯ. ಅನುಮಾನ ಬಂದಲ್ಲಿ ನೀರನ್ನು ಪರೀಕ್ಷೆಗೆ ಕಳಿಸಬೇಕು.

ಪರಿಹಾರ ನಮ್ಮ ಕೈಯಲ್ಲಿಯೇ ಇದೆ. ಪಲ್ಪರ್ ನೀರನ್ನು ನೇರವಾಗಿ ಹಳ್ಳಕ್ಕೆ ಬಿಡದೆ, ಸಿಪ್ಪೆಯನ್ನು ಬೇರ್ಪಡಿಸಿ ಗೊಬ್ಬರದ ಗುಂಡಿಗೆ ಹಾಕಬೇಕು. ನೀರನ್ನು ಗುಂಡಿಗಳಲ್ಲಿ ನಿಲ್ಲಿಸಿ ಸುಣ್ಣದಿಂದ ಹುಳಿ ತೆಗೆಯಬೇಕು. ಸುಣ್ಣ ಹಾಕಿದರೆ ಹುಳಿ ಹೋಗುತ್ತದೆ, ಕೊಳೆ ಹೋಗುವುದಿಲ್ಲ. ಆದ್ದರಿಂದ ಒಂದರಿಂದ ಇನ್ನೊಂದಕ್ಕೆ ಹರಿಯುವ ಗುಂಡಿಗಳಲ್ಲಿ ಸಾಕಷ್ಟು ದಿನ ನಿಲ್ಲಿಸುವುದು ಕಡ್ಡಾಯ. ಒಬ್ಬೊಬ್ಬರೇ ಗುಂಡಿ ತೋಡಲು ಕಷ್ಟವಾದರೆ ನೆರೆಯ ನಾಲ್ಕು ತೋಟದವರು ಕೂಡಿ ಮಾಡಿಕೊಳ್ಳಬಹುದು. ಸಹಕಾರವೆಂದರೆ ಮಾರಾಟ, ಸಾಲಗಳಷ್ಟೇ ಅಲ್ಲ.

1974ರ ಜಲಮಾಲಿನ್ಯ ಕಾಯಿದೆಯ ಭಯಕ್ಕಾಗಿ ಮಾತ್ರ ಇದನ್ನು ಮಾಡಬೇಕಾಗಿಲ್ಲ. ಅದೇ ಹಳ್ಳದಲ್ಲಿ ನಮ್ಮ ದನಗಳು ನೀರು ಕುಡಿಯುತ್ತವೆ, ಅದೇ ನೀರು ಬೇಸಿಗೆಯಲ್ಲಿ ನಮ್ಮ ಅಡಿಕೆಯ ಬುಡಕ್ಕೆ ಹೋಗುತ್ತದೆ. ಈ ಸಲ ಹಣ್ಣು ಕೊಯ್ಯುವ ಆಳುಗಳನ್ನು ಕರೆಯುವ ಮೊದಲು ಮನೆಯ ಮಕ್ಕಳನ್ನು ಕರೆದುಕೊಂಡು ಹಳ್ಳಕ್ಕಿಳಿದು ಹತ್ತು ಕಲ್ಲುಗಳನ್ನೆತ್ತಿ ನೋಡೋಣ.